‘ಸಬ್’ ಪೆಟ್ಟಿಗೆಯ ಐದನೆಯ ಚೀಟಿ

ಮೇಜಿನ ಕೆಳಗಿನಿಂದ ಎರಡು ಬೂಟುಗಳು ಮಾತ್ರ ಹೊರಗೆ ಚಾಚಿದ್ದವು. ಮಿಕ್ಕ ಸಾರ್ಜೆಂಟ್ ಥರ್ಟಲ್ ಪೂರ್ತಿ ಒಳಗಿದ್ದರು.

“ಮಿಸ್ ಟ್ರಾಂಟರ್, ಸ್ವಲ್ಪ ಬಗ್ಗಿ ನೋಡ್ತೀರಾ?”

ನಾನು ಬಗ್ಗಿದೆ. ಐವತ್ತೆರಡು ವರ್ಷದ ಸೊಂಟ ಇಂಥ ಕೆಲಸಕ್ಕೆ ಸುಮ್ಮನೆ ಒಪ್ಪುವುದಿಲ್ಲ. ಒಂದು ಸಲ ಕಿರ್ ಎಂದಿತು. ಬಿದ್ದ ಪೆನ್ಸಿಲ್ ಹುಡುಕಲು ಹೋದ ಥರ್ಟಲ್ ಅಂಗಾತ ಮಲಗಿಬಿಟ್ಟಿದ್ದರು. ಹೊಟ್ಟೆಯ ಮೇಲೆ ಹೆಲ್ಮೆಟ್ಟು, ಮೀಸೆಯಲ್ಲಿ ಮಧ್ಯಾಹ್ನ ತಿಂದ ಈಲ್ ಮೀನಿನ ಕಡುಬಿನ ಚೂರು. ಅವರ ಕಣ್ಣು ಮಾತ್ರ ಮೇಲೆ, ಮೇಜಿನ ಹಲಗೆಯ ತಳಕ್ಕೆ ನೆಟ್ಟಿತ್ತು.

ಅಲ್ಲಿ ಒತ್ತುಮೊಳೆ ಚುಚ್ಚಿ ಒಂದು ಚೀಟಿ ಅಂಟಿಸಿದ್ದರು. ನಾಲ್ಕನೆಯದು.

“ಸಸ್ಪೆಕ್ಟ್,” ಎಂದು ಥರ್ಟಲ್ ಅಕ್ಷರ ಕೂಡಿಸಿ ಓದಿದರು. “ಇದು ನನ್ನ ಪದ. ಇದಕ್ಕೆ ಅರ್ಥ ನೀವು ಹೇಳಬೇಕಾಗಿಲ್ಲ.”

“ಮೂಲ ಹೇಳಬಹುದಾ?”

“ಹೇಳಿ.”

“ಸಬ್ ಅಂದ್ರೆ ಕೆಳಗೆ. ಸ್ಪೆಕೆರೆ ಅಂದ್ರೆ ನೋಡೋದು. ಕೆಳಗಿನಿಂದ ಮೇಲಕ್ಕೆ ಕಣ್ಣು ಹಾಯಿಸಿ ನೋಡೋದಕ್ಕೆ ಲ್ಯಾಟಿನ್ನಿನವರು ಹಾಗೆ ಅಂತಿದ್ರು.”

ಮೇಜಿನ ಕೆಳಗೆ ಬೂಟುಗಳು ಒಂದಕ್ಕೊಂದು ತಟ್ಟಿದವು.

“ಇಪ್ಪತ್ತೆರಡು ವರ್ಷದಿಂದ ನಿಂತುಕೊಂಡೇ ಸಂಶಯಪಡ್ತಾ ಇದ್ದೆ,” ಎಂದರು ಥರ್ಟಲ್. “ಮಲಗಿಕೊಂಡು ಮಾಡಬೇಕಾದ ಕೆಲಸ ಅಂತ ಯಾರೂ ಹೇಳಲೇ ಇಲ್ಲ.”

ಎರಡು ದಿನದ ಹಿಂದೆ, ಸೋಮವಾರ ಬೆಳಿಗ್ಗೆ, ಈಲೀ ಊರಿನಲ್ಲಿ ನಾನು ಚೀಟಿ ಜೋಡಿಸುವ ಹೆಸ್ಕೆತ್ ಪದಮೂಲ ಕೋಶದ ಕಚೇರಿಯಿಂದ ‘ಸಬ್’ ಎಂಬ ಉಪಸರ್ಗದಿಂದ ಹುಟ್ಟಿದ ಪದಗಳ ಪೆಟ್ಟಿಗೆ ಮಾಯವಾಗಿತ್ತು; ಶುಕ್ರವಾರ ಆ ಸಂಪುಟ ಅಚ್ಚಿಗೆ ಹೋಗಬೇಕಿತ್ತು. ಹೋಗದಿದ್ದರೆ ಕಚೇರಿ ಮುಚ್ಚುವುದೆಂದು ಧರ್ಮದರ್ಶಿಗಳು ಬರೆದು ತಿಳಿಸಿದ್ದರು.

ಪೆಟ್ಟಿಗೆಯಲ್ಲಿದ್ದದ್ದು ಹನ್ನೊಂದು ವರ್ಷದ ಕೆಲಸ. ಮಾಡಿದವರು ಈನಕ್ ಟಾಲ್‌ಬಾಯ್ಸ್ ಎಂಬ ಎಪ್ಪತ್ತೊಂದರ ಮುದುಕರು. ಒಂದೊಂದು ಪದಕ್ಕೂ ಒಂದೊಂದು ಚೀಟಿ. ಮೇಲೆ ಪದ, ಅದರ ಕೆಳಗೆ ಮೂಲ, ಆಮೇಲೆ ಅರ್ಥ, ಕೊನೆಗೆ ಪ್ರಯೋಗ, ಅಂದರೆ ಆ ಪದವನ್ನು ಬಳಸಿದ ಒಂದು ವಾಕ್ಯ. ಆಗಸ್ಟಿನಲ್ಲಿ ಅವರಿಗೆ ಕಣ್ಣು ಮಂಜಾಗಿದೆ ಎಂದು ಹೇಳಿ ಉಪಸಂಪಾದಕ ಲಯೊನೆಲ್ ಪೆವರಿಲ್ ಅವರನ್ನು ಮನೆಗೆ ಕಳುಹಿಸಿದ್ದರು. ಸೋಮವಾರ ಮಧ್ಯಾಹ್ನ ಅದೇ ಪೆವರಿಲ್ ಇನ್ನೊಂದು ಮಾತು ಹೇಳಿದರು: ಭಾನುವಾರ ಸಂಜೆ, ಕೆಥೀಡ್ರಲ್‌ನಲ್ಲಿ ಪ್ರಾರ್ಥನೆ ನಡೆಯುತ್ತಿದ್ದಾಗ, ಟಾಲ್‌ಬಾಯ್ಸ್ ಕಂಕುಳಲ್ಲಿ ಗಂಟು ಇಟ್ಟುಕೊಂಡು ಕಚೇರಿಯಿಂದ ಹೊರಬಂದರಂತೆ.

ಗಂಟಿನಲ್ಲಿದ್ದದ್ದು ತನ್ನ ಹಳೆಯ ಮನೆಚಪ್ಪಲಿ ಎಂದರು ಟಾಲ್‌ಬಾಯ್ಸ್. ಯಾರೂ ನಂಬಲಿಲ್ಲ. ಸೋಮವಾರ ನಾಲ್ಕು ಗಂಟೆಯಿಂದ ಅವರು ಠಾಣೆಯ ಲಾಕಪ್ಪಿನಲ್ಲಿದ್ದರು.

ಆಮೇಲೆಯೇ ಚೀಟಿಗಳು ಹಿಂತಿರುಗತೊಡಗಿದವು.

ಥರ್ಟಲ್ ತೆವಳಿಕೊಂಡು ಹೊರಬಂದು, ಮಂಡಿ ಕೊಡವಿ, ನಾಲ್ಕೂ ಚೀಟಿಗಳನ್ನು ಪೆವರಿಲ್ಲರದೇ ಆದ ಆ ಮೇಜಿನ ಮೇಲೆ ಇಸ್ಪೀಟು ಹರಡಿದಂತೆ ಹರಡಿದರು. ಪೆವರಿಲ್ ಊಟಕ್ಕೆ ಹೋಗಿದ್ದರು.

“ಮೊದಲಿಂದ ಹೇಳಿ. ನಿಧಾನಕ್ಕೆ. ನನಗೆ ಗೊತ್ತಿರೋ ಸಬ್ ಒಂದೇ, ಸಬ್‌ಮೆರೀನ್. ಅದರೊಳಗೆ ಎರಡು ವರ್ಷ ಇದ್ದೆ, ಅಲ್ಲೂ ಲ್ಯಾಟಿನ್ ಮಾತಾಡಲಿಲ್ಲ.”

“ಮೊದಲನೇದು ಸಪ್ಲಾಂಟ್. ಪ್ಲಾಂಟಾ ಅಂದ್ರೆ ಅಂಗಾಲು. ಒಬ್ಬನ ಅಂಗಾಲಿಗೆ ಕಾಲು ಕೊಟ್ಟು ಬೀಳಿಸೋದು, ಆಮೇಲೆ ಅವನ ಜಾಗದಲ್ಲಿ ತಾನು ಕೂರೋದು.”

“ಸಿಕ್ಕಿದ್ದೆಲ್ಲಿ?”

“ಮಿಸ್ಟರ್ ಪೆವರಿಲ್ ಅವರ ಮಳೆಬೂಟಿನೊಳಗೆ. ಅಂಗಾಲಿನ ಕೆಳಗೆ.”

“ಹೂಂ. ಎರಡನೇದು?”

“ಸಫೊಕೇಟ್. ಫೌಕೇಸ್ ಅಂದ್ರೆ ಗಂಟಲು, ಅದನ್ನ ಅದುಮಿ ಉಸಿರುಗಟ್ಟಿಸೋದು. ಅದು ಈ ಕೋಶ ಶುರುಮಾಡಿದ ಹಿರಿಯ ಹೆಸ್ಕೆತ್ ಅವರ ಪ್ಲಾಸ್ಟರ್ ಮೂರ್ತಿಯ ಗಂಟಲಿನ ಕೆಳಗಿತ್ತು, ಮಫ್ಲರಿನೊಳಗೆ.”

“ಮೂರ್ತಿಗೆ ಮಫ್ಲರ್ ಯಾಕೆ?”

“ಅಕ್ಟೋಬರ್ ಬಂತಲ್ಲ,” ಎಂದರು ಬಾಗಿಲಲ್ಲಿ ಕಸದ ಬುಟ್ಟಿ ಹಿಡಿದು ನಿಂತಿದ್ದ ಮಿಸೆಸ್ ಫಿಂಚಮ್. ಕಚೇರಿ ಗುಡಿಸಿ, ಒಲೆ ಹಚ್ಚಿ, ಟೀ ಕಾಯಿಸುವವರು ಅವರು. “ನಲವತ್ತು ವರ್ಷದಿಂದ ಕಟ್ತೀನಿ. ಇವತ್ತಿನವರೆಗೂ ಆ ಮನುಷ್ಯ ಒಂದು ಸಲ ಕೆಮ್ಮಿಲ್ಲ.”

“ಮೂರನೇದು ಸಟ್ಲ್,” ಎಂದೆ ನಾನು. “ಟೇಲಾ ಅಂದ್ರೆ ನೇಯ್ದ ಬಲೆ. ಮಗ್ಗದಲ್ಲಿ ನೇಯ್ಗೆಯ ಕೆಳಗೆ ಹಾಯೋ ಅತಿ ಸಣ್ಣ ಎಳೆ. ಅದರಿಂದ ಸೂಕ್ಷ್ಮ ಅನ್ನೋ ಅರ್ಥ ಬಂತು ಅಂತಾರೆ. ಅದು ಸಿಕ್ಕಿದ್ದು ಗಡಿಯಾರದ ಹಿಂದೆ, ಜೇಡರಬಲೆಯ...”

“ಗಡಿಯಾರದ ಹಿಂದೆ ಜೇಡರಬಲೆ ಇರಲಿಲ್ಲ,” ಎಂದರು ಮಿಸೆಸ್ ಫಿಂಚಮ್.

“ಇತ್ತು ಮಿಸೆಸ್ ಫಿಂಚಮ್. ನಾನೇ ಕೈಯಾರೆ ಬಿಡಿಸಿದ್ದು,” ಎಂದರು ಥರ್ಟಲ್.

“ಕಳ್ಳನೇ ತಂದು ಇಟ್ಟಿರಬೇಕು. ನೋಡು ಬರ್ಟಿ, ನೀನು ಅಂಬೆಗಾಲಿಕ್ಕುವಾಗ ನಿನ್ನ ಮೂಗು ಒರೆಸಿದವಳು ನಾನು. ನನ್ನ ಪೊರಕೆ ಮೇಲೆ ಕೇಸು ಹಾಕ್ತೀಯ?”

ಸಾರ್ಜೆಂಟ್ ಆಲ್ಬರ್ಟ್ ಥರ್ಟಲ್ ಹೆಲ್ಮೆಟ್ ತಲೆಗೆ ಹಾಕಿಕೊಂಡರು. ಅವರಿಗೆ ಗೌರವ ಕಡಿಮೆಯಾಯಿತು ಎನಿಸಿದಾಗಲೆಲ್ಲ ಹಾಗೆ ಮಾಡುತ್ತಿದ್ದರು.

ನಾಲ್ಕು ಚೀಟಿಗಳಲ್ಲೂ ಟಾಲ್‌ಬಾಯ್ಸ್ ಅವರ ಇರುವೆ ಸಾಲಿನಂಥ ಬರಹದ ಕೆಳಗೆ, ಪ್ರಯೋಗದ ಜಾಗದಲ್ಲಿ, ಹೊಸ ವಾಕ್ಯವೊಂದಿತ್ತು. ನೇರಳೆ ಶಾಯಿ, ದಪ್ಪ ದಪ್ಪ ವಕ್ರ ಅಕ್ಷರ. ಸಪ್ಲಾಂಟ್ ಕೆಳಗೆ: ‘ಉಪಸಂಪಾದಕರು ಮುದುಕನಿಗೆ ಕಾಲು ಕೊಟ್ಟು ಕುರ್ಚಿ ಹತ್ತಿದರು.’ ಸಫೊಕೇಟ್ ಕೆಳಗೆ: ‘ಈ ಕಚೇರಿಯಲ್ಲಿ ಬಾಯಿ ತೆರೆದವರಿಗೇ ಉಸಿರು ಕಟ್ಟುತ್ತದೆ.’ ಸಟ್ಲ್ ಕೆಳಗೆ: ‘ಸೂಕ್ಷ್ಮವಾಗಿ ನೇಯ್ದ ಸುಳ್ಳಿಗೆ ಪೊಲೀಸರು ಬೇಗ ಸಿಕ್ಕಿಬೀಳುತ್ತಾರೆ.’

“ಇವತ್ತಿನದನ್ನ ಓದಿ,” ಎಂದರು ಥರ್ಟಲ್.

“‘ಸಾರ್ಜೆಂಟರು ಒಬ್ಬರನ್ನು ಮಾತ್ರ ಕೆಳಗಿನಿಂದ ನೋಡುವುದು ಮರೆತರು,’” ಎಂದು ನಾನು ಓದಿದೆ.

ಥರ್ಟಲ್ ಆ ಮೇಜನ್ನೊಮ್ಮೆ ನೋಡಿದರು. ಮೇಜಿನ ಮೇಲೆ ಬೆಳ್ಳಿಯ ಶಾಯಿಕುಡಿಕೆ, ಅದರ ಮೇಲೆ ಪೆವರಿಲ್ಲರ ಹೆಸರು.

“ಲಾಕಪ್ಪಿನಲ್ಲಿರೋ ಮುದುಕರು ಇಲ್ಲಿಗೆ ಬಂದು ಮೊಳೆ ಚುಚ್ಚಕ್ಕಾಗಲ್ಲ,” ಎಂದರು. “ಇನ್‌ಸ್ಪೆಕ್ಟರ್‌ಗೆ ಹೇಳಿದೆ. ಹೊರಗೆ ಜೊತೆಗಾರ ಇದ್ದಾನೆ ಅಂತಾರೆ. ನಿಮ್ಮ ಮುಖ್ಯ ಸಂಪಾದಕರು ಡಾಕ್ಟರ್ ಹೆಸ್ಕೆತ್ ಕೂಡ ಅದನ್ನೇ ಹೇಳ್ತಾರೆ.”

“ಮಿಸ್ಟರ್ ಟಾಲ್‌ಬಾಯ್ಸ್ ಹೇಗಿದ್ದಾರೆ?”

“ಚೆನ್ನಾಗಿದ್ದಾರೆ. ನಿನ್ನೆ ಠಾಣೆಯ ಗೋಡೆ ಮೇಲಿರೋ ಸೂಚನೆಗಳನ್ನೆಲ್ಲ ತಿದ್ದಿಬಿಟ್ರು. ನಾಯಿ ಲೈಸೆನ್ಸಿನ ನೋಟೀಸಲ್ಲಿ ಮೂರು ತಪ್ಪು ಇತ್ತಂತೆ. ಪಕ್ಕದ ಕೋಣೆಯ ಕುಡುಕನಿಗೆ ಸೋಬರ್, ಅಂದ್ರೆ ಕುಡಿಯದೆ ಇರೋನು, ಅನ್ನೋದರ ಮೂಲ ಹೇಳಿದ್ರು. ಅವನು ಅತ್ತ.”

ಥರ್ಟಲ್ ನಕ್ಕರು. ನನಗೆ ನಗು ಬರಲಿಲ್ಲ. ಟಾಲ್‌ಬಾಯ್ಸ್ ಅವರಿಗೆ ಸಂಧಿವಾತ. ನಮ್ಮ ಈಲೀಯ ಲಾಕಪ್ಪು ನದಿಯ ಮಟ್ಟದಲ್ಲಿದೆ. ಶರತ್ಕಾಲದಲ್ಲಿ ಅದರ ಗೋಡೆ ಬೆವರುತ್ತದೆ. ಇಪ್ಪತ್ತಾರು ವರ್ಷ ನಾನು ಆ ಮನುಷ್ಯರ ಚೀಟಿಗಳನ್ನು ಪೆಟ್ಟಿಗೆಗೆ ಸೇರಿಸಿದ್ದೇನೆ. ಒಂದು ದಿನವೂ ಅವರು ನನಗೆ ‘ಲ್ಯಾಟಿನ್ ನಿಮಗೆ ತಿಳಿಯೋದಿಲ್ಲ’ ಎಂದವರಲ್ಲ. ಕೇಳಿದ್ದಕ್ಕೆಲ್ಲ ಹೇಳಿಕೊಟ್ಟರು.

“ಪೆಟ್ಟಿಗೆ ಬಿಟ್ಟು ಬೇರೆ ಏನು ಹೋಗಿದೆ ಅಂತ ಪಟ್ಟಿ ಕೇಳಿದ್ದೆ,” ಎಂದರು ಥರ್ಟಲ್.

ನಾನು ಪಟ್ಟಿ ಕೊಟ್ಟೆ. ಮೂರೇ ಪದ. ಪಕ್ಕದ ‘ಸರ್’ ಎಂಬ ಖಾನೆಯಿಂದ ಹೋದವು: ಸರೆಪ್ಟಿಷಸ್, ಸರೊಗೇಟ್, ಸರೌಂಡ್.

“ಆ ಖಾನೆಗೂ ಸಬ್‌ಗೂ ಏನು ಸಂಬಂಧ?”

“ಈ ಸಬ್ ವೇಷಗಾರ, ಸಾರ್ಜೆಂಟ್. ಮುಂದೆ ಬರೋ ಅಕ್ಷರ ನೋಡಿಕೊಂಡು ಅಂಗಿ ಬದಲಾಯಿಸ್ತಾನೆ. ಪ ಮುಂದೆ ಸಪ್ ಆಗ್ತಾನೆ, ಫ ಮುಂದೆ ಸಫ್, ಕ ಮುಂದೆ ಸಕ್. ರ ಮುಂದೆ ಸರ್.”

“ಒಬ್ಬನೇ ಆಸಾಮಿ, ಹತ್ತು ಹೆಸರು. ಠಾಣೆಯಲ್ಲಿ ಇಂಥವರ ದಪ್ಪ ಪುಸ್ತಕಾನೇ ಇದೆ.”

“ತೊಂದರೆ ಏನು ಅಂದ್ರೆ, ಸರ್ ಅನ್ನೋ ಅಂಗಿಯನ್ನ ಇನ್ನೊಬ್ಬನೂ ಹಾಕ್ತಾನೆ. ಸೂಪರ್ ಅಂತ. ಅವನ ಅರ್ಥ ಮೇಲೆ. ಫ್ರಾನ್ಸ್ ದಾಟಿ ಬರುವಾಗ ಸೂಪರ್ ಸವೆದು ಸರ್ ಆದ. ಸರ್‌ನೇಮ್, ಸರ್‌ಫೇಸ್, ಸರ್‌ಪ್ರೈಸ್, ಇವೆಲ್ಲ ಅವನ ಮಕ್ಕಳು. ಕಳ್ಳ ಅವನ್ನ ಮುಟ್ಟಿಲ್ಲ.”

ಥರ್ಟಲ್ ಮೀಸೆಯ ಚೂರನ್ನು ನಾಲಿಗೆಯಿಂದ ಒಳಗೆಳೆದುಕೊಂಡು ಯೋಚಿಸಿದರು.

“ಅಂದ್ರೆ ಒಂದೇ ಕೋಟು, ಇಬ್ಬರು ಕಳ್ಳರು. ಒಬ್ಬ ಮೇಲಿನವನು, ಒಬ್ಬ ಕೆಳಗಿನವನು. ಯಾರ ಕೋಟಿನೊಳಗೆ ಯಾರಿದ್ದಾರೆ ಅಂತ ಗೊತ್ತಿದ್ದವನೇ ಇದನ್ನ ಆರಿಸಿದ್ದು.”

“ಗೊತ್ತಿದೆ ಅಂದುಕೊಂಡವನು,” ಎಂದೆ.

ಹೇಳಬಾರದಿತ್ತೋ ಏನೋ. ಥರ್ಟಲ್ ಹೆಲ್ಮೆಟ್ ಕಳಚಿ ನನ್ನನ್ನು ದಿಟ್ಟಿಸಿದರು. ಆಮೇಲೆ ಪಟ್ಟಿಯನ್ನು ಮಡಚಿ ಜೇಬಿಗಿಟ್ಟುಕೊಂಡು, ಸೈಕಲ್ ಹತ್ತಿ ಠಾಣೆಯ ಕಡೆ ಹೋದರು.

ಮೂರೂವರೆಗೆ ಹಿಂತಿರುಗಿದಾಗ ಅವರ ಮುಖ ಕೆಂಪಾಗಿತ್ತು. ಗಾಳಿಗೋ ಖುಷಿಗೋ ತಿಳಿಯಲಿಲ್ಲ. ಎಲ್ಲರನ್ನೂ ಮುಖ್ಯ ಸಂಪಾದಕರ ಕೋಣೆಗೆ ಕರೆಸಿದರು.

ಡಾಕ್ಟರ್ ಹೆಸ್ಕೆತ್ ಒಲೆಗೆ ಬೆನ್ನು ಕೊಟ್ಟು ನಿಂತಿದ್ದರು. ತೆಳ್ಳಗಿನ, ಎತ್ತರದ, ಯಾವಾಗಲೂ ಚಳಿಯಾಗುವ ಮನುಷ್ಯ. ಪೆವರಿಲ್ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ನಲವತ್ತರ ಆಸುಪಾಸು, ನುಣ್ಣನೆಯ ಕೂದಲು, ಕೋಟಿನ ಎದೆಯಲ್ಲಿ ಹೂವು. ಮುಂದಿನ ತಿಂಗಳು ಲಂಡನ್ನಿನಲ್ಲಿ ಅವರ ಪುಸ್ತಕವೊಂದು ಹೊರಬರಲಿತ್ತು: ‘ಒಂದು ಉಪಸರ್ಗದ ಚರಿತ್ರೆ’.

ನಾನು ಗೋಡೆಗೆ ಒರಗಿದೆ. ಮಿಸೆಸ್ ಫಿಂಚಮ್ ಒಲೆ ಕೆದಕುವ ನೆಪದಲ್ಲಿ ಅಲ್ಲೇ ಉಳಿದರು.

“ಬೇಗ ಮುಗಿಸಿ ಸಾರ್ಜೆಂಟ್,” ಎಂದರು ಡಾಕ್ಟರ್ ಹೆಸ್ಕೆತ್. “ಕಳ್ಳ ನಿಮ್ಮ ಲಾಕಪ್ಪಿನಲ್ಲಿದ್ದಾನೆ. ಪೆಟ್ಟಿಗೆ ಎಲ್ಲಿದೆ ಅಂತ ಅವನ ಬಾಯಿ ಬಿಡಿಸೋದಷ್ಟೇ ನಿಮ್ಮ ಕೆಲಸ.”

“ಬಾಯಿ ಬಿಡಿಸೋದು ಕಷ್ಟ ಆಗಲಿಲ್ಲ ಸರ್. ಮುಚ್ಚಿಸೋದೇ ಕಷ್ಟ ಆಯ್ತು. ಸಂಸ್ಕೃತದ ಉಪ ಅನ್ನೋದೂ ನಮ್ಮ ಸಬ್ಬೂ ಒಂದೇ ಮನೆತನ ಅಂತ ಮುಕ್ಕಾಲು ಗಂಟೆ ಹೇಳಿದ್ರು. ನೀವೂ ನಾವೂ ಗಂಗಾನದಿಯವರೂ ದಾಯಾದಿಗಳಂತೆ. ಅದಿರಲಿ. ನನಗೊಂದು ಸಣ್ಣ ಸಂಶಯ. ಓದಿಲ್ಲದವನು, ಬೇಜಾರು ಮಾಡ್ಕೋಬೇಡಿ. ಸರೌಂಡ್ ಅಂತ ಒಂದು ಪದ ಇದೆಯಲ್ಲ, ಸುತ್ತುವರಿಯೋದು. ಅದರ ಮೂಲ ಏನು?”

ಡಾಕ್ಟರ್ ಹೆಸ್ಕೆತ್ ಹಣೆ ಉಜ್ಜಿಕೊಂಡರು. “ಸರೌಂಡ್... ಅದೊಂದು ಬೇರೆ ಕಥೆ. ಟಾಲ್‌ಬಾಯ್ಸ್ ಯಾವಾಗಲೋ ಹೇಳಿದ್ದ. ನೆನಪಾಗ್ತಿಲ್ಲ.”

“ಅದರಲ್ಲೇನು ಕಥೆ?” ಎಂದರು ಪೆವರಿಲ್. ದನಿಯಲ್ಲಿ ಮೇಷ್ಟರ ತಾಳ್ಮೆ. “ಸಬ್ ಮತ್ತು ರೊಟುಂಡಸ್. ಕೆಳಗಿನಿಂದ ದುಂಡಗೆ ಬಳಸಿ ಬರೋದು. ರೌಂಡ್ ಅನ್ನೋದು ಪದದೊಳಗೇ ಕೂತಿದೆಯಲ್ಲ ಸಾರ್ಜೆಂಟ್. ಕಣ್ಣಿದ್ದವರಿಗೆ ಕಾಣುತ್ತೆ.”

“ಇದು ಎಲ್ಲರಿಗೂ ಗೊತ್ತಿರೋ ವಿಷಯಾನಾ ಸರ್?”

“ಇಲ್ಲ ಇಲ್ಲ. ಮೊದಲು ಕಂಡುಹಿಡಿದವನು ನಾನು. ನನ್ನ ಪುಸ್ತಕದ ನಲವತ್ತೊಂದನೇ ಪುಟದಲ್ಲಿದೆ.”

“ಬರೆದುಕೊಳ್ಳಲಾ?”

“ಧಾರಾಳವಾಗಿ.”

ಥರ್ಟಲ್ ಪೆನ್ಸಿಲನ್ನು ನಾಲಿಗೆಗೆ ಒತ್ತಿ ಬರೆದುಕೊಂಡರು. ಅವರು ಬರೆಯುವುದು ನಿಧಾನ. ಒಲೆಯಲ್ಲಿ ಕಲ್ಲಿದ್ದಲು ಒಂದು ಸಿಡಿಯಿತು.

“ಟಾಲ್‌ಬಾಯ್ಸ್ ಬೇರೆ ಹೇಳಿದ್ರು,” ಎಂದರು ಥರ್ಟಲ್, ತಲೆ ಎತ್ತದೆ. “ಅದು ಸಬ್ ಅಲ್ವಂತೆ, ಸೂಪರ್. ರೌಂಡ್ ಕೂಡ ಅಲ್ವಂತೆ. ಉಂಡಾ. ಅಂದ್ರೆ ಅಲೆ. ನೀರು ದಡದ ಮೇಲೆ ಉಕ್ಕಿ ಹರಿಯೋದಕ್ಕೆ ಮೊದಲು ಸರೌಂಡ್ ಅಂತಿದ್ರಂತೆ. ರೌಂಡ್ ಅನ್ನೋದರ ಹಾಗೆ ಕೇಳಿಸುತ್ತೆ ಅಂತ ಜನ ಆಮೇಲೆ ಸುತ್ತುವರಿಯೋದಕ್ಕೆ ಹಚ್ಚಿಬಿಟ್ರು.”

“ಹೌದು,” ಎಂದರು ಡಾಕ್ಟರ್ ಹೆಸ್ಕೆತ್ ಥಟ್ಟನೆ. “ಅದೇ. ಅಲೆ. ಈಗ ನೆನಪಾಯ್ತು.”

“ನಾವು ಫೆನ್ ಅನ್ನೋ ಜೌಗು ಸೀಮೆಯವರು ಸರ್. ನೀರು ಉಕ್ಕಿದ್ರೆ ಮನೆ ಸುತ್ತುವರಿದು ನಿಲ್ಲುತ್ತೆ ಅನ್ನೋದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮಜ್ಜಿ ಎರಡು ಸಲ ಮಂಚದ ಮೇಲೆ ಕೂತೇ ತೇಲಿದ್ದಾಳೆ.” ಥರ್ಟಲ್ ಪುಸ್ತಕ ಮುಚ್ಚಿದರು. “ಈಗ ಹೇಳಿ. ಪೆಟ್ಟಿಗೆ ಕದ್ದವನು ಸಬ್ ಮನೆಯವರನ್ನ ಮಾತ್ರ ಆರಿಸಿಕೊಂಡು ಹೋಗಿದ್ದಾನೆ. ಸೂಪರ್ ಮನೆಯವರನ್ನ ಒಬ್ಬರನ್ನೂ ಮುಟ್ಟಿಲ್ಲ. ಆದರೆ ಸರೌಂಡನ್ನ ಮಾತ್ರ ಎತ್ತಿಕೊಂಡು ಹೋಗಿದ್ದಾನೆ. ಅದು ಸಬ್ ಅಂತ ನಂಬಿರೋ ಮನುಷ್ಯ ಇಡೀ ಇಂಗ್ಲೆಂಡಿಗೆ ಒಬ್ಬನೇ. ಮೊದಲು ಕಂಡುಹಿಡಿದವನು.”

ಪೆವರಿಲ್ ಮೇಲೆ ಹಾಕಿದ್ದ ಕಾಲನ್ನು ಕೆಳಗಿಳಿಸಿದರು.

“ಇದೇನು ಹುಚ್ಚು. ಒಂದು ವ್ಯುತ್ಪತ್ತಿ ತಪ್ಪಾದರೆ ಜೈಲಿಗೆ ಹಾಕ್ತೀರಾ?”

“ಅದಕ್ಕೆ ಹಾಕಲ್ಲ ಸರ್. ಹಾಗೆ ಹಾಕಿದ್ರೆ ನಾನೇ ಮೊದಲು ಹೋಗಬೇಕು. ಭಾನುವಾರ ಸಂಜೆ ನೀವೆಲ್ಲಿದ್ರಿ?”

“ಪ್ರಾರ್ಥನೆಯಲ್ಲಿ.”

“ಪ್ರಾರ್ಥನೆಯಲ್ಲಿದ್ದವರಿಗೆ ಟಾಲ್‌ಬಾಯ್ಸ್ ಇಲ್ಲಿಂದ ಗಂಟು ಹೊತ್ತು ಹೊರಗೆ ಹೋಗಿದ್ದು ಹೇಗೆ ಕಾಣಿಸ್ತು?”

ಪೆವರಿಲ್ ನೆಟ್ಟಗೆ ಕೂತರು. ಎದೆಯ ಹೂವನ್ನು ಮುಟ್ಟಿಕೊಂಡರು. ಆಮೇಲೆ, ಗಾಳಿ ಬಿಟ್ಟ ಚೆಂಡಿನ ಹಾಗೆ, ಕುರ್ಚಿಯಲ್ಲೇ ಕುಗ್ಗಿದರು.

“ಲಯೊನೆಲ್,” ಎಂದರು ಡಾಕ್ಟರ್ ಹೆಸ್ಕೆತ್. ಆ ಒಂದು ಹೆಸರಿನಲ್ಲಿ ಎಷ್ಟು ನೋವಿತ್ತೆಂದರೆ ಮಿಸೆಸ್ ಫಿಂಚಮ್ ಕೂಡ ಕೆದಕುಗೋಲು ಕೆಳಗಿಟ್ಟರು.

“ಪುಸ್ತಕ ಬರುತ್ತೆ, ಜನ ಓದ್ತಾರೆ,” ಎಂದರು ಪೆವರಿಲ್, ನೆಲ ನೋಡುತ್ತ. “ಆಮೇಲೆ ನಮ್ಮ ಸಂಪುಟವೂ ಬರುತ್ತೆ. ಯಾರಾದರೂ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ... ಅವನ ಚೀಟಿಗಳಲ್ಲಿ ತಾರೀಕು ಇದೆ. ಹನ್ನೊಂದು ವರ್ಷದ ತಾರೀಕು. ನಾನು ಬೇಸಿಗೆಯಲ್ಲಿ ಕೂತು ನಕಲು ಮಾಡಿಕೊಂಡೆ. ನಕಲು ಅಂದ್ರೆ... ಹೌದು, ನಕಲೇ.”

“ಎಲ್ಲವೂ ಅವರದೇನಾ?” ಎಂದು ನಾನು ಕೇಳಿಬಿಟ್ಟೆ.

“ಸರೌಂಡ್ ನನ್ನದು,” ಎಂದರು ಪೆವರಿಲ್ ತಲೆ ಎತ್ತಿ, ಸ್ವಲ್ಪ ಹೆಮ್ಮೆಯಿಂದಲೇ.

ಇಡೀ ಪುಸ್ತಕದಲ್ಲಿ ಅವರ ಸ್ವಂತದ್ದೆಂದು ಇದ್ದದ್ದು ಅದೊಂದೇ. ಅದೂ ತಪ್ಪು. ನನಗೆ ಆ ಕ್ಷಣ ಅವರ ಮೇಲೆ ಕನಿಕರ ಬಂತು. ಲಾಕಪ್ಪಿನ ಗೋಡೆ ನೆನಪಾಗಿ ಅದು ಹೊರಟೂ ಹೋಯಿತು.

“ಪೆಟ್ಟಿಗೆ ಎಲ್ಲಿ?” ಎಂದರು ಥರ್ಟಲ್.

“ಗೊತ್ತಿಲ್ಲ.”

“ಸರ್.”

“ದೇವರಾಣೆಗೂ ಗೊತ್ತಿಲ್ಲ. ಭಾನುವಾರ ನೆಲಮಾಳಿಗೆಗೆ ಒಯ್ದು ಕಲ್ಲಿದ್ದಲ ರಾಶಿಯಡಿ ಹೂತೆ. ಓದಲೂ ಪುರುಸೊತ್ತಿರಲಿಲ್ಲ. ಸೋಮವಾರ ಮಧ್ಯಾಹ್ನ ಹೋಗಿ ನೋಡಿದರೆ ಇರಲಿಲ್ಲ. ಮಂಗಳವಾರ ಬೆಳಿಗ್ಗೆ ನನ್ನ ಬೂಟಿನೊಳಗೆ ಆ ಚೀಟಿ.” ಅವರ ದನಿ ಕೀರಲಾಯಿತು. “ಚೀಟಿಗಳನ್ನ ಇಟ್ಟವನು ನಾನಲ್ಲ. ಯಾರೋ ನನ್ನ ಪ್ರಾಣ ಹಿಂಡ್ತಿದ್ದಾರೆ. ಎರಡು ದಿನದಿಂದ ಬೂಟು ಹಾಕೋ ಮೊದಲು ಕೈ ಹಾಕಿ ನೋಡ್ತೀನಿ. ಊಟದ ತಟ್ಟೆ ಎತ್ತಿ ನೋಡ್ತೀನಿ. ಅವನನ್ನ ಹಿಡೀರಿ ಸಾರ್ಜೆಂಟ್. ಅವನು ಕಳ್ಳ.”

“ಕಳ್ಳನ ಮನೆಗೆ ನುಗ್ಗಿದ ಕಳ್ಳ,” ಎಂದರು ಥರ್ಟಲ್. ಮತ್ತೆ ಪುಸ್ತಕ ತೆರೆದರು. “ಸೋಮವಾರ ನೆಲಮಾಳಿಗೆಯಿಂದ ಇದ್ದಲು ತಂದವರು ಯಾರು?”

ನನ್ನ ಬೆನ್ನು ಗೋಡೆಗೆ ಅಂಟಿತು.

“ನಾನೇ,” ಎಂದರು ಮಿಸೆಸ್ ಫಿಂಚಮ್. “ಇನ್ಯಾರು ತರ್ತಾರೆ? ಇಂಗ್ಲೆಂಡಿನ ರಾಜ ಬಂದು ತಂದುಕೊಡ್ತಾನಾ?”

“ಪೆಟ್ಟಿಗೆ ಕಾಣಿಸಲಿಲ್ವಾ?”

“ಕತ್ತಲಲ್ಲಿ ಕರೀ ಇದ್ದಲು ಕಾಣಿಸಿದ್ದೇ ಹೆಚ್ಚು ಕಣೋ.”

ಥರ್ಟಲ್ ಬರೆದುಕೊಂಡರು. ನಾನು ಮಿಸೆಸ್ ಫಿಂಚಮ್ ಕಡೆ ನೋಡಿದೆ. ಅವರು ನನ್ನ ಕಡೆ ನೋಡಲಿಲ್ಲ. ಸೆರಗಿನಂತೆ ಕಟ್ಟಿಕೊಂಡಿದ್ದ ಏಪ್ರನ್ನಿಗೆ ಕೈ ಒರೆಸಿಕೊಂಡು ಟೀ ತರಲು ಹೋದರು.

ಇಷ್ಟು ಹೊತ್ತು ಬಚ್ಚಿಟ್ಟದ್ದನ್ನು ಓದುಗರ ಮುಂದೆ ಈಗ ಹೇಳಿಬಿಡಬೇಕು. ಸೋಮವಾರ ಮಿಸೆಸ್ ಫಿಂಚಮ್ ಅವರಿಗೆ ಮಂಡಿನೋವು. ನೆಲಮಾಳಿಗೆಗೆ ಇಳಿದು ಇದ್ದಲು ತಂದವಳು ನಾನು.

ಸಲಿಕೆ ಮರಕ್ಕೆ ತಗುಲಿದ ಸದ್ದಾಯಿತು. ಕೆದಕಿದರೆ ಪೆಟ್ಟಿಗೆ. ಹೊತ್ತುಕೊಂಡು ಮೇಲೆ ಓಡಬೇಕೆಂದಿದ್ದೆ. ಅಷ್ಟರಲ್ಲಿ ಮುಚ್ಚಳದ ಸಂದಿಯಲ್ಲಿ ಕೋಟಿಗೆ ಸಿಕ್ಕಿಸುವ ಹೂವಿನ ಒಂದು ಎಸಳು ಸಿಕ್ಕಿರುವುದು ಕಂಡೆ. ಯಾರ ಹೂವೆಂದು ಆ ಕಚೇರಿಯಲ್ಲಿ ಬೆಕ್ಕಿಗೂ ಗೊತ್ತು. ಆದರೆ ಒಂದು ಒಣ ಎಸಳು, ಒಬ್ಬ ಚೀಟಿ ಜೋಡಿಸುವ ಹೆಂಗಸು. ಎದುರಿಗೆ ಕೇಂಬ್ರಿಜ್ಜಿನ ಪದವೀಧರ. ಯಾರ ಮಾತು ನಿಲ್ಲುತ್ತದೆ? ‘ನಿಮ್ಮ ಕೈಯಲ್ಲೇ ಪೆಟ್ಟಿಗೆ ಇದೆಯಲ್ಲ ಮಿಸ್ ಟ್ರಾಂಟರ್’ ಎಂದರೆ ಮುಗಿಯಿತು.

ಪೆಟ್ಟಿಗೆಯನ್ನು ಇದ್ದಲಿನ ಬುಟ್ಟಿಯಲ್ಲಿ ಹಾಕಿ, ಹಿಂದಿನ ಬಾಗಿಲಿನಿಂದ ದಾಟಿಸಿ, ಬ್ರಾಡ್ ಸ್ಟ್ರೀಟಿನ ನನ್ನ ಬಾಡಿಗೆ ಕೋಣೆಗೆ ಒಯ್ದೆ. ಮಂಚದ ಕೆಳಗೆ ತಳ್ಳಿ ಬೀಗ ಹಾಕಿ ಬಂದೆ. ಟಾಲ್‌ಬಾಯ್ಸ್ ಅವರನ್ನು ಕರೆದೊಯ್ದ ಸುದ್ದಿ ಬಂದದ್ದು ಆಮೇಲೆ.

ಆಗ ಹೊಳೆಯಿತು. ಅವರು ಒಳಗಿರುವಾಗ ಚೀಟಿಗಳು ಒಂದೊಂದಾಗಿ ಹೊರಬಂದರೆ ಕಳ್ಳ ಅವರಲ್ಲವೆಂದು ಯಾರಿಗಾದರೂ ತಿಳಿದೀತು. ಎಡಗೈಯಲ್ಲಿ, ನೇರಳೆ ಶಾಯಿಯಲ್ಲಿ ಬರೆದೆ. ಇಪ್ಪತ್ತಾರು ವರ್ಷ ಬೇರೆಯವರ ವಾಕ್ಯಗಳನ್ನು ಪೆಟ್ಟಿಗೆಗೆ ಹಾಕಿದವಳಿಗೆ ನಾಲ್ಕು ಸ್ವಂತ ವಾಕ್ಯ ಬರೆದು ಎಷ್ಟು ಸುಖವಾಯಿತೆಂದರೆ, ನಾಚಿಕೆಯಾಗುತ್ತದೆ, ಸಪ್ಲಾಂಟ್ ಬರೆದ ದಿನ ನಾನು ಎರಡು ಮೊಟ್ಟೆ ಹೆಚ್ಚು ತಿಂದೆ.

ಈಗ ಪೆವರಿಲ್ ಒಪ್ಪಿಕೊಂಡಾಯಿತು. ಇನ್ನು ಮನೆಗೆ ಹೋಗಿ ಪೆಟ್ಟಿಗೆ ತರುವುದು, ಥರ್ಟಲ್ ಮುಂದೆ ಇಡುವುದು, ಬೈಯಿಸಿಕೊಳ್ಳುವುದು. ಶುಕ್ರವಾರ ಸಂಪುಟ ಅಚ್ಚಿಗೆ. ಟಾಲ್‌ಬಾಯ್ಸ್ ಒಲೆಯ ಮುಂದೆ. ಲೆಕ್ಕ ಅಷ್ಟು ಸರಳವಾಗಿತ್ತು. ಬಾಯಿ ತೆರೆಯಲೆಂದು ಉಸಿರೆಳೆದುಕೊಂಡೆ.

ಅಷ್ಟರಲ್ಲಿ ಟೀ ಬಂತು.

ಮಿಸೆಸ್ ಫಿಂಚಮ್ ತಟ್ಟೆಯನ್ನು ಡಾಕ್ಟರ ಮೇಜಿನ ಮೇಲಿಟ್ಟರು. ಟೀಪಾತ್ರೆ, ಐದು ಬಟ್ಟಲು, ಸೋಂಪಿನ ಕೇಕು. ಡಾಕ್ಟರ್ ಹೆಸ್ಕೆತ್ ಎಲ್ಲರಿಗಿಂತ ಮೊದಲು ತಟ್ಟೆಯ ಬಳಿ ಬಂದು ತಮ್ಮ ಬಟ್ಟಲು ಎತ್ತಿಕೊಂಡರು. ಥರ್ಟಲ್ ಕೇಕಿಗೆ ಕೈ ಚಾಚಿದರು. ಕೇಕನ್ನು ಎತ್ತಿದಾಗ ಅದರ ತಳಕ್ಕೆ ಮೇಣದ ಕಾಗದದಂತೆ ಏನೋ ಅಂಟಿಕೊಂಡು ಬಂತು.

ಚೀಟಿ.

“ಐದನೇದು,” ಎಂದರು ಥರ್ಟಲ್.

ಪೆವರಿಲ್ ಎದ್ದು ನಿಂತು ಕಿಟಕಿಗೆ ಬೆನ್ನು ಹಚ್ಚಿದರು. “ನೋಡಿ. ನೋಡಿ. ನಾನು ಇಲ್ಲೇ ಕೂತಿದ್ದೆ.”

“ನಾನು ಅಡಿಗೆ ಕೋಣೆಯಲ್ಲಿ ಕೇಕ್ ಕುಯ್ದಾಗ ಅದರಡಿ ಏನೂ ಇರಲಿಲ್ಲ,” ಎಂದರು ಮಿಸೆಸ್ ಫಿಂಚಮ್. ಅವರ ಮುಖ ಬಿಳುಪಾಗಿತ್ತು. ಆ ಹೆಂಗಸಿನ ಮುಖ ಬಿಳುಪಾದದ್ದನ್ನು ನಾನು ಎಂದೂ ಕಂಡಿರಲಿಲ್ಲ.

ನಾನು ಇಟ್ಟದ್ದು ನಾಲ್ಕೇ. ಬೆಳಿಗ್ಗೆ ಕೋಣೆಗೆ ಬೀಗ ಹಾಕಿದ್ದೆ. ಬೀಗದ ಕೈ ನನ್ನ ಕೊರಳ ದಾರದಲ್ಲಿತ್ತು, ಮುಟ್ಟಿ ನೋಡಿಕೊಂಡೆ. ಇತ್ತು.

ಥರ್ಟಲ್ ಚೀಟಿಯನ್ನು ಬೆಳಕಿಗೆ ಹಿಡಿದು, ಪ್ರತಿ ಪದದ ಕೆಳಗೂ ಬೆರಳಿಟ್ಟು ಓದತೊಡಗಿದರು. ನಾನು ಎದುರಿಗಿದ್ದೆ. ತಲೆಕೆಳಗಾದ ಬರಹ ಓದುವುದು ನನಗೆ ಕಸುಬಿನಿಂದ ಬಂದ ಅಭ್ಯಾಸ.

“ಸ-ರೆ-ಪ್ಟಿ-ಷಸ್,” ಎಂದರು ಥರ್ಟಲ್. “ಇದು ಸರ್ ಖಾನೆಯಿಂದ ಹೋದದ್ದಲ್ವಾ? ಮೂಲ: ಸಬ್, ರಪೆರೆ. ಕೆಳಗಿನಿಂದ, ಸದ್ದಿಲ್ಲದೆ ಕಸಿದುಕೊಳ್ಳುವುದು. ಒಳ್ಳೇ ಪದ.”

ಬೆರಳು ನಿಧಾನವಾಗಿ ಅರ್ಥದ ಸಾಲನ್ನು ದಾಟಿತು. ಅದರ ಕೆಳಗೆ ಪ್ರಯೋಗ. ನೇರಳೆ ಶಾಯಿ. ಎಡಗೈಯ ಅವೇ ದಪ್ಪ ವಕ್ರ ಅಕ್ಷರ, ನನ್ನ ಅಕ್ಷರ. ನಾನು ಬರೆಯದ ಅಕ್ಷರ.

ಅವರ ಬೆರಳು ಅಲ್ಲಿಗೆ ತಲುಪುವ ಮೊದಲೇ ನಾನು ಆ ವಾಕ್ಯವನ್ನು ಓದಿ ಮುಗಿಸಿದ್ದೆ.

“‘ಮಂಚದ,’” ಎಂದು ಥರ್ಟಲ್ ಓದಿದರು. “‘ಮಂಚದ ಕೆಳಗಿದ್ದ ಪೆಟ್ಟಿಗೆ... ಇವತ್ತು ಮಧ್ಯಾಹ್ನದಿಂದ... ಅಲ್ಲಿಲ್ಲ.’”

ಬೆರಳು ಮುಂದೆ ಸರಿಯಿತು. ಇನ್ನು ಎರಡೇ ಪದ ಉಳಿದಿದ್ದವು. ಎರಡೂ ಸೇರಿ ನನ್ನ ಹೆಸರು.

ಅವರು ಅವನ್ನು ಜೋರಾಗಿ ಓದಲಿಲ್ಲ. ಕೇಕಿನ ಹೋಳನ್ನು ತಟ್ಟೆಗೆ ಹಿಂದಿಟ್ಟು, ಹೆಲ್ಮೆಟ್ಟನ್ನು ತಲೆಯ ಮೇಲೆ ಹಾಕಿಕೊಂಡು, ಅದರ ಪಟ್ಟಿಯನ್ನು ಗದ್ದದ ಕೆಳಗೆ ಬಿಗಿದರು.

“ಮಿಸ್ ಟ್ರಾಂಟರ್,” ಎಂದರು ಬಹಳ ಮೆಲ್ಲಗೆ, “ನಿಮ್ಮ ಕೋಣೆಯ ಬೀಗದ ಕೈ ಎಷ್ಟು ಇವೆ?”

“ಒಂದೇ,” ಎಂದೆ.

ನನ್ನ ಹಿಂದೆ ಟೀ ಬಟ್ಟಲೊಂದು ನೆಲಕ್ಕೆ ಬಿದ್ದು ಒಡೆಯಿತು. ತಿರುಗಿ ನೋಡಿದೆ. ಬಟ್ಟಲು ಜಾರಿದ್ದು ಮಿಸೆಸ್ ಫಿಂಚಮ್ ಕೈಯಿಂದಲ್ಲ, ಪೆವರಿಲ್ ಕೈಯಿಂದಲೂ ಅಲ್ಲ. ಡಾಕ್ಟರ್ ಹೆಸ್ಕೆತ್ ತಮ್ಮ ಖಾಲಿ ಕೈಯನ್ನು ನೋಡುತ್ತ ನಿಂತಿದ್ದರು. ಆ ಕೈಯ ಹೆಬ್ಬೆರಳಿನ ತುದಿ ಶಾಯಿಯಿಂದ ನೇರಳೆಯಾಗಿತ್ತು.